ದಾರ ಕಟ್ಟಿದ ಪೆನ್ನು

ನಮ್ಮ ಮನೆಯ ಮುಂಬಾಗಿಲ ಪಕ್ಕ ಒಂದು ಪೆನ್ನು ನೇತಾಡುತ್ತಿರುತ್ತದೆ. ಊರಲ್ಲಿ ಬ್ಯಾಂಕಿನ ಚಲನ್ ತುಂಬುವ ಟೇಬಲ್ಲಿಗೆ ಕಟ್ಟಿರುತ್ತಾರಲ್ಲ, ಹಾಗೆ ದಾರ ಕಟ್ಟಿದ ಪೆನ್ನು. ಮೇಲೊಂದು ಗಡಿಯಾರ, ಕೆಳಗೊಂದು ಕ್ಲಿಪ್ ಬೋರ್ಡು. ಮನೆಗೆ ಬರುವ ಗೆಳತಿಯರು "ಏನೇ ಇದು, ಪೋಸ್ಟ್ ಆಫೀಸ್ ಮಾಡ್ಕೊಂಡಿದೀಯಾ?" ಅಂತ ನಗುತ್ತಾರೆ. ನಗಲಿ. ಆ ಪೆನ್ನು ಇಲ್ಲದ ಕಾಲದಲ್ಲಿ ಒಂದು ತಿಂಗಳು ನಾನು ಪಟ್ಟ ಪಾಡು ನನಗೆ ಗೊತ್ತು.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಬಾಡಿಗೆ ಮನೆ. ಆ ಮನೆಯಲ್ಲೇ ಡೇಕೇರ್ ನಡೆಸುತ್ತೇನೆ. ಶುರುವಾಗಿದ್ದು ಗೆಳತಿಯ ಮಗುವಿನಿಂದ. ಅವಳ ಹೆರಿಗೆ ರಜೆ ಮುಗಿದಿತ್ತು, ನನ್ನ ಮಗಳು ಶಾಲೆಗೆ ಹೋಗಲು ಶುರು ಮಾಡಿದ್ದಳು. "ನೀನೇ ನೋಡ್ಕೊಳೇ" ಅಂದಳು. ಇಲ್ಲಿನ ಕಾನೂನಿನಲ್ಲಿ ನಮ್ಮ ಮಕ್ಕಳ ಜೊತೆ ಇನ್ನೊಂದು ಕುಟುಂಬದ ಮಕ್ಕಳನ್ನು ನೋಡಿಕೊಳ್ಳಲು ಲೈಸೆನ್ಸ್ ಬೇಡ. ಎರಡನೇ ಕುಟುಂಬ ಬಂತೋ, ಬೇಕೇ ಬೇಕು. ಎರಡನೆಯದೂ ಬಂತು, ಮೂರನೆಯದೂ ಕೇಳಿತು. 2022ರ ಬೇಸಿಗೆಯಲ್ಲಿ ಅರ್ಜಿ ಹಾಕಿದೆ.

ಅರ್ಜಿ ಶುಲ್ಕ 73 ಡಾಲರ್. ಅದು ದೊಡ್ಡದಲ್ಲ. ಚಿಕ್ಕ ಲೈಸೆನ್ಸ್ ಅಂದರೆ ಆರು ಮಕ್ಕಳು, ಅದರಲ್ಲಿ ಎರಡು ವರ್ಷದೊಳಗಿನವರು ಮೂರಕ್ಕಿಂತ ಜಾಸ್ತಿ ಇರಬಾರದು. ಹತ್ತು ವರ್ಷದೊಳಗಿನ ನಮ್ಮ ಸ್ವಂತ ಮಕ್ಕಳೂ ಈ ಲೆಕ್ಕಕ್ಕೆ ಬರುತ್ತಾರೆ. ನನ್ನ ಮಗಳಿಗೆ ಆಗ ಆರು ವರ್ಷ. ಅಲ್ಲಿಗೆ ಉಳಿದಿದ್ದು ಐದೇ ಜಾಗ. ಮನೆ ಓನರ್ ಒಪ್ಪುತ್ತಾರೋ ಇಲ್ಲವೋ ಅಂತ ನಮ್ಮನೆಯವರಿಗೆ ಚಿಂತೆ. ಆದರೆ 2020ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಬಾಡಿಗೆ ಮನೆ ಅನ್ನೋ ಕಾರಣಕ್ಕೆ ಓನರ್ ಬೇಡ ಅನ್ನುವ ಹಾಗಿಲ್ಲ. 30 ದಿನ ಮೊದಲು ಬರೆದು ತಿಳಿಸಬೇಕು, ಅಷ್ಟೆ. ಏಳೆಂಟು ಮಕ್ಕಳನ್ನು ಇಟ್ಟುಕೊಳ್ಳುವುದಾದರೆ ಮಾತ್ರ ಅವರ ಒಪ್ಪಿಗೆ ಬೇಕು. ನಾನು ಆರಕ್ಕೇ ನಿಲ್ಲಿಸಿದೆ. ಓನರ್ ಗೊಣಗಿದರು, ಸುಮ್ಮನಾದರು.

ಆಮೇಲೆ ಬಂತು ಬೆರಳಚ್ಚು. ಮನೆಯಲ್ಲಿ ಇರುವ 18 ದಾಟಿದ ಪ್ರತಿಯೊಬ್ಬರೂ ಕೊಡಬೇಕು. ಆಗ ತಿಪಟೂರಿಂದ ಅತ್ತೆ, ಮಾವ ಆರು ತಿಂಗಳಿಗೆ ಅಂತ ಬಂದಿದ್ದರು. ವಿಸಿಟರ್ ವೀಸಾ, ಕೆಲಸ ಮಾಡುವ ಹಾಗಿಲ್ಲ, ಮಾಡುವುದೂ ಇಲ್ಲ. ಆದರೆ ಮಕ್ಕಳಿರುವ ಮನೆಯಲ್ಲೇ ಇರುತ್ತಾರಲ್ಲ, ಅವರದ್ದೂ ಬೇಕು. ಅತ್ತೆಯ ಬೆರಳು ಮಷೀನ್‌ಗೆ ಸಿಗಲೇ ಇಲ್ಲ. ನಲವತ್ತು ವರ್ಷ ಪಾತ್ರೆ ತಿಕ್ಕಿ, ಕಾಯಿ ತುರಿದು ಗೆರೆ ಸವೆದು ಹೋಗಿವೆ. ಊರಲ್ಲಿ ರೇಷನ್ ಅಂಗಡಿಯಲ್ಲೂ ಇದೇ ಕಥೆ. ಅಲ್ಲಿದ್ದ ಹುಡುಗ ಏನೋ ಲೋಷನ್ ಹಚ್ಚಿ, ಒರೆಸಿ, ಒಂದೊಂದು ಬೆರಳನ್ನೂ ಮೂರು ಮೂರು ಸಲ ಒತ್ತಿಸಿದ. "ನಾನೇನು ಕಳ್ಳೀನೇನೇ?" ಅಂತ ಅತ್ತೆ ನನ್ನ ಕಡೆ ನೋಡಿದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊರಗೆ ಬಂದ ಮೇಲೆ ಕಾಫಿ ಕುಡಿಸಿದೆ.

ಅದಾದ ಮೇಲೆ ಕ್ಷಯದ ಪರೀಕ್ಷೆ. ನಮಗೆಲ್ಲ ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿರುತ್ತಾರೆ. ಹಾಗಾಗಿ ಇಲ್ಲಿ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ರೋಗ ಇಲ್ಲದಿದ್ದರೂ ಗುಳ್ಳೆ ಏಳಬಹುದು. ಮಾವನಿಗೆ ಎದ್ದಿತು. ಎದೆಯ ಎಕ್ಸ್‌ರೇ ಮಾಡಿಸಿ, ಏನೂ ಇಲ್ಲ ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳುವಷ್ಟರಲ್ಲಿ ಮೂರು ವಾರ ಹೋಯಿತು. ಯಾರಾದರೂ ಈ ದಾರಿಗೆ ಬರುವುದಾದರೆ ಅಪ್ಪ ಅಮ್ಮನ ಟಿಕೆಟ್ ಬುಕ್ ಮಾಡುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ನನ್ನ ಪಾಲಿಗೆ 16 ಗಂಟೆಯ ತರಬೇತಿ ಇತ್ತು. ಅರ್ಧ ಆರೋಗ್ಯ, ಸ್ವಚ್ಛತೆ, ಊಟದ ವಿಷಯ. ಇನ್ನರ್ಧ ಪ್ರಥಮ ಚಿಕಿತ್ಸೆ ಮತ್ತು ಉಸಿರು ನಿಂತ ಮಗುವಿಗೆ ಎದೆ ಒತ್ತುವುದು. ರಬ್ಬರ್ ಬೊಂಬೆಯ ಎದೆಯನ್ನು ಎರಡು ಬೆರಳಲ್ಲಿ ಒತ್ತುವಾಗ ಕೈ ನಡುಗಿತ್ತು. ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದಾರೆ ಅನ್ನೋ ಅನುಮಾನ ಬಂದರೆ ವರದಿ ಮಾಡಲೇಬೇಕು ಅನ್ನೋದರ ತರಬೇತಿ ಬೇರೆ. ಅದನ್ನು ಎರಡು ವರ್ಷಕ್ಕೊಮ್ಮೆ ಹೊಸದಾಗಿ ಮಾಡಬೇಕು.

ಇನ್ಸ್‌ಪೆಕ್ಟರ್ ಮೊದಲ ಸಲ ಬಂದಾಗ ಅಡುಗೆಮನೆಯ ಚಾಕು, ಬಾತ್‌ರೂಮಿನ ಔಷಧ, ಬೆಂಕಿ ಆರಿಸುವ ಸಿಲಿಂಡರ್, ಹೊಗೆಯ ಅಲಾರಂ ಎಲ್ಲ ನೋಡಿ ಮುಗಿಸಿದರು. ಎಲ್ಲ ಸರಿ ಇತ್ತು. ಆಮೇಲೆ ಹಾಲಿನ ಮೂಲೆಯ ದೇವರ ಮಂಟಪದ ಮುಂದೆ ನಿಂತರು. ನನಗೆ ಅದು ದೇವರು. ಅವರ ಕಣ್ಣಿಗೆ ಅಲ್ಲಿದ್ದದ್ದು ಬೆಂಕಿಪೊಟ್ಟಣ, ಎಣ್ಣೆ, ಕರ್ಪೂರ, ಚೂಪಾದ ಊದುಬತ್ತಿ ಸ್ಟ್ಯಾಂಡು. ಎಲ್ಲ ಎರಡಡಿ ಎತ್ತರದಲ್ಲಿ, ತೆವಳುವ ಮಗುವಿನ ಕೈಗೆ ಸಿಗುವ ಹಾಗೆ. ಬಹಳ ಮರ್ಯಾದೆಯಿಂದಲೇ, "ಇದನ್ನು ಸ್ವಲ್ಪ ಮೇಲೆ ಇಡಬಹುದಾ?" ಅಂದರು. ಕುಂಕುಮದ ಭರಣಿಯನ್ನು ನಾನೇ ತೆಗೆದಿಟ್ಟೆ. ಕೆಲವು ಕುಂಕುಮ, ಸಿಂಧೂರ, ಕಾಡಿಗೆಯಲ್ಲಿ ಸೀಸ ಇರುತ್ತದೆ ಅಂತ ತರಬೇತಿಯಲ್ಲಿ ಹೇಳಿದ್ದು ನೆನಪಿತ್ತು. ಆ ವಾರ ದೇವರು ಬೆಡ್‌ರೂಮಿನ ಎತ್ತರದ ಶೆಲ್ಫಿಗೆ ಹೋದರು. ಈಗಲೂ ಅಲ್ಲೇ ಇದ್ದಾರೆ.

ಅತ್ತೆಗೆ ದೇವರನ್ನು ಸರಿಸಿದ್ದಕ್ಕಿಂತ ಬೇಸರವಾಗಿದ್ದು ಮಲಗಿಸುವ ನಿಯಮ. ಒಂದು ವರ್ಷದೊಳಗಿನ ಮಗುವನ್ನು ಅಂಗಾತವೇ ಮಲಗಿಸಬೇಕು. ಹೊದಿಕೆ ಇಲ್ಲ, ದಿಂಬಿಲ್ಲ, ಬಟ್ಟೆಯಲ್ಲಿ ಸುತ್ತುವ ಹಾಗಿಲ್ಲ. ಬರೀ ಗಟ್ಟಿ ಹಾಸಿಗೆ, ಬಿಗಿಯಾದ ಶೀಟು. ತೊಡೆಯ ಮೇಲೆ ನಿದ್ದೆ ಹೋದರೆ ಎತ್ತಿ ತೊಟ್ಟಿಲಿಗೆ ಹಾಕಬೇಕು. ಎರಡು ವರ್ಷದೊಳಗಿನವರು ಮಲಗಿರುವಾಗ 15 ನಿಮಿಷಕ್ಕೊಮ್ಮೆ ಹೋಗಿ ನೋಡಬೇಕು. ನೋಡಿದರೆ ಸಾಲದು, ನೋಡಿದೆ ಅಂತ ಬರೆಯಬೇಕು. ಅತ್ತೆ ಕಾಲು ನೀಡಿ ಕೂತು, ಕಾಲ ಮೇಲೆ ಮಗು ಹಾಕಿಕೊಂಡು ತಟ್ಟಿ ಮಲಗಿಸಿ ನಾಲ್ಕು ಮಕ್ಕಳನ್ನು ಬೆಳೆಸಿದವರು. "ಮಲಗಿರೋ ಮಗೂನ ಹೋಗಿ ಹೋಗಿ ನೋಡಿದ್ರೆ ದೃಷ್ಟಿಯಾಗತ್ತೆ ಕಣಮ್ಮ" ಅಂದರು. ಬರೆಯುವುದು ಅಭ್ಯಾಸವಾಗಿದ್ದು ನನಗೆ ಆಗಲೇ. 1:00, 1:15, 1:30. ಬೆಚ್ಚಗೆ ಇದೆ, ಉಸಿರು ಸರಿಯಾಗಿದೆ.

ಅಂತೂ ಲೈಸೆನ್ಸ್ ಬಂತು. ಮೊದಲ ಒಂದು ವರ್ಷ ಸುಖವಾಗಿತ್ತು. ಸಾಫ್ಟ್‌ವೇರ್ ಕೆಲಸದ ತಂದೆತಾಯಿ, ಒಂದನೇ ತಾರೀಖು ಫೋನಿನಲ್ಲೇ ದುಡ್ಡು ಕಳಿಸುತ್ತಿದ್ದರು. ಲೆಕ್ಕ ನನ್ನ ತಲೆಯಲ್ಲೇ ಇತ್ತು.

2023ರ ಆಗಸ್ಟಿನಲ್ಲಿ ಒಂದು ಫೋನ್ ಬಂತು. ಎರಡೂವರೆ ವರ್ಷದ ಹುಡುಗ, ಅಮ್ಮ ಒಬ್ಬಳೇ. ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ. ಅವಳು ಮೊದಲು ಕೇಳಿದ್ದು ಜಾಗ ಇದೆಯಾ ಅಂತ ಅಲ್ಲ, "ವೌಚರ್ ತಗೋತೀರಾ?" ಅಂತ. ಅದಕ್ಕೆ ಮೊದಲು ನಾಲ್ಕು ಕಡೆ ಇಲ್ಲ ಅನ್ನಿಸಿಕೊಂಡಿದ್ದಳು. ನನಗೆ ವೌಚರ್ ಅಂದರೇನು ಅಂತಲೇ ಸರಿಯಾಗಿ ಗೊತ್ತಿರಲಿಲ್ಲ. "ನೋಡಿ ಹೇಳ್ತೀನಿ" ಅಂದೆ. ಆ ರಾತ್ರಿ ಕೂತು ಓದಿದೆ.

ಕಡಿಮೆ ಆದಾಯದ ತಂದೆತಾಯಿ ಕೆಲಸಕ್ಕೋ ಓದಿಗೋ ಹೋಗುವಾಗ ಮಗುವಿನ ಡೇಕೇರ್ ಖರ್ಚನ್ನು ಸರ್ಕಾರ ಕೊಡುತ್ತದೆ. ಅದೇ ಈ ವೌಚರ್. ಹಣದ ಒಂದು ಭಾಗ ಫೆಡರಲ್, ಅಂದರೆ ಕೇಂದ್ರ ಸರ್ಕಾರದ್ದು, ಒಂದು ಭಾಗ ರಾಜ್ಯದ್ದು. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್‌ವರ್ಕ್ಸ್ ಅನ್ನೋ ನೆರವಿನ ಕುಟುಂಬಗಳಿಗೆ ಮೂರು ಹಂತ ಇದೆ. ಮೊದಲನೆಯದನ್ನು ಕೌಂಟಿ, ಅಂದರೆ ನಮ್ಮ ಜಿಲ್ಲಾಡಳಿತದಂಥದ್ದು, ನೋಡಿಕೊಳ್ಳುತ್ತದೆ, ಮುಂದಿನ ಎರಡನ್ನು ರಾಜ್ಯದ ಜೊತೆ ಒಪ್ಪಂದ ಮಾಡಿಕೊಂಡ ಏಜೆನ್ಸಿಗಳು ನೋಡಿಕೊಳ್ಳುತ್ತವೆ. ಮಗುವನ್ನು ಎಲ್ಲಿ ಬಿಡಬೇಕು ಅನ್ನೋದು ಪೋಷಕರ ಆಯ್ಕೆ. ದೊಡ್ಡ ಸೆಂಟರ್ ಆಗಬಹುದು, ನನ್ನಂಥವಳ ಮನೆ ಆಗಬಹುದು, ಅಜ್ಜಿಯ ಹತ್ತಿರವೂ ಆಗಬಹುದು. ದುಡ್ಡು ನೇರ ನೋಡಿಕೊಳ್ಳುವವರಿಗೆ ಬರುತ್ತದೆ. 2014ರಲ್ಲಿ ಫೆಡರಲ್ ಕಾನೂನನ್ನು ಬಿಗಿ ಮಾಡಿದ ಮೇಲೆ ಈ ದುಡ್ಡು ಮುಟ್ಟುವ ಡೇಕೇರ್‌ಗಳಿಗೆ ಹಿನ್ನೆಲೆ ತಪಾಸಣೆ, ಸುರಕ್ಷತೆಯ ತರಬೇತಿ, ಹೇಳದೆ ಬಂದು ನೋಡುವ ತಪಾಸಣೆ ಎಲ್ಲ ಕಡ್ಡಾಯವಾದವು. ಒಮ್ಮೆ ಅರ್ಹತೆ ಸಿಕ್ಕ ಕುಟುಂಬಕ್ಕೆ ಕನಿಷ್ಠ 12 ತಿಂಗಳು ಅದನ್ನು ಮುಂದುವರಿಸಬೇಕು ಅನ್ನೋದೂ ಅದರಲ್ಲೇ ಇದೆ. ಲೈಸೆನ್ಸ್ ಇದ್ದಿದ್ದರಿಂದ ನನ್ನ ಪಾಲಿನ ಮುಕ್ಕಾಲು ಕೆಲಸ ಆಗಿಹೋಗಿತ್ತು.

ದರದ ವಿಷಯ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ನಾನು ಕೇಳಿದಷ್ಟು ಅವರು ಕೊಡುವುದಿಲ್ಲ. ಪ್ರತಿ ಕೌಂಟಿಗೆ ಒಂದು ಮಿತಿ ಇದೆ. ಮಾರುಕಟ್ಟೆಯಲ್ಲಿ ಡೇಕೇರ್‌ಗಳು ಎಷ್ಟು ತೆಗೆದುಕೊಳ್ಳುತ್ತವೆ ಅಂತ ಸರ್ವೆ ಮಾಡಿ, ನೂರಕ್ಕೆ 75 ಜಾಗದ ದರ ಯಾವ ಗೆರೆಯೊಳಗೆ ಬರುತ್ತದೋ ಅಲ್ಲಿಗೆ ಮಿತಿ ಹಾಕಿದ್ದಾರೆ. ಕೇಳಲು ನ್ಯಾಯವಾಗಿದೆ. ಆದರೆ ಆ ಸರ್ವೆ 2018ರದ್ದು. ನಾನು ಕಟ್ಟುವ ಬಾಡಿಗೆ 2023ರದ್ದು. 2020ರಲ್ಲಿ ಮನೆ ಡೇಕೇರ್ ನಡೆಸುವವರು ವೋಟು ಹಾಕಿ ಯೂನಿಯನ್ ಮಾಡಿಕೊಂಡರು. ಅದು ಸರ್ಕಾರದ ಜೊತೆ ಚೌಕಾಸಿ ಮಾಡಿದ್ದರಿಂದ 2024ರ ಜನವರಿಯಿಂದ ಮಗುವಿಗೆ ತಿಂಗಳಿಗೆ ಇಷ್ಟು ಅಂತ ಮೇಲೊಂದಿಷ್ಟು ಸೇರಿಕೊಂಡಿತು. ನಾನು ಒಪ್ಪಿಕೊಂಡಾಗ ಅದಿರಲಿಲ್ಲ. ನಮ್ಮನೆಯವರು ಲೆಕ್ಕ ಹಾಕಿ, "ತಿಂಗಳಿಗೆ ಇಷ್ಟು ನಷ್ಟ" ಅಂತ ಕಾಗದದ ಮೇಲೆ ಬರೆದು ತೋರಿಸಿದರು. ಸರಿಯಾಗಿಯೇ ಇತ್ತು ಅವರ ಲೆಕ್ಕ. ಆದರೂ ಮಾರನೇ ದಿನ ಅವಳಿಗೆ ಹೂಂ ಅಂದೆ. ನಾಲ್ಕು ಕಡೆ ಇಲ್ಲ ಅನ್ನಿಸಿಕೊಂಡವಳಿಗೆ ಐದನೆಯವಳಾಗಿ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಏಜೆನ್ಸಿಯಿಂದ ಒಂದು ಕಂತೆ ಬಂತು. ಒಪ್ಪಂದ, ನನ್ನ ದರಪಟ್ಟಿ, ತೆರಿಗೆಯ ಫಾರ್ಮ್, ಲೈಸೆನ್ಸಿನ ನಕಲು. ಜೊತೆಗೆ ಮಗುವಿನ ಸರ್ಟಿಫಿಕೇಟು. ಸೋಮವಾರದಿಂದ ಶುಕ್ರವಾರ, ಇಷ್ಟು ಗಂಟೆಯಿಂದ ಇಷ್ಟು ಗಂಟೆಗೆ ಅಂತ ಅದರಲ್ಲಿರುತ್ತದೆ. ಅದು ಕೈಗೆ ಬರುವ ಮೊದಲು ಮಗುವನ್ನು ಇಟ್ಟುಕೊಂಡರೆ ಆ ದಿನಗಳ ದುಡ್ಡನ್ನು ಸರ್ಕಾರ ಕೊಡದೇ ಹೋಗಬಹುದು. ಕೊನೆಯಲ್ಲಿ ತಿಂಗಳ ಹಾಜರಿ ಹಾಳೆ. ನನಗೆ ಅದು ಎಲ್ಲಕ್ಕಿಂತ ಸುಲಭ ಅನ್ನಿಸಿತ್ತು. ಶಾಲೆಯಲ್ಲಿ ಟೀಚರ್ ಹಾಜರಿ ತೆಗೆದುಕೊಳ್ಳಲ್ವಾ, ಹಾಗೆ ಅಂದುಕೊಂಡೆ.

ಸೆಪ್ಟೆಂಬರ್ ಹಾಳೆಯನ್ನು ಅಡುಗೆಮನೆ ಡ್ರಾಯರಿನಲ್ಲಿ ಇಟ್ಟಿದ್ದೆ. ಬೆಳಗ್ಗೆ ಆ ಗೋದಾಮಿನ ಹುಡುಗಿ ಓಡೋಡಿ ಬರುತ್ತಿದ್ದಳು, ಗಾಡಿ ಆಫ್ ಮಾಡದೇ ಮಗುವನ್ನು ಕೈಗಿಟ್ಟು ಹೋಗುತ್ತಿದ್ದಳು. ಅವಳನ್ನು ನಿಲ್ಲಿಸಿ ಬರೆಸುವುದು ಏಕೆ ಅಂತ ಸುಮ್ಮನಿದ್ದೆ. ಶುಕ್ರವಾರ ಸಂಜೆ ಇಬ್ಬರೂ ಕೂತು ಇಡೀ ವಾರದ್ದನ್ನು ತುಂಬುತ್ತಿದ್ದೆವು. ಬಂದಿದ್ದು 8:00, ಹೋಗಿದ್ದು 5:30. ಸೋಮವಾರ 8:00, ಮಂಗಳವಾರ 8:00, ಬುಧವಾರ 8:00. ಒಂದು ದಿನ ತಪ್ಪಾಗಿದ್ದಕ್ಕೆ ಬಿಳಿ ಬಣ್ಣ ಹಚ್ಚಿ ಮೇಲೆ ಬರೆದೆ, ನೀಟಾಗಿ. ತಿಂಗಳ ಕೊನೆಯ ಸಹಿಯನ್ನು 27ಕ್ಕೇ ಹಾಕಿಸಿಕೊಂಡೆ, 29ಕ್ಕೆ ಅವಳಿಗೆ ಜಾಸ್ತಿ ಕೆಲಸ ಇದೆ ಅಂದಿದ್ದಳು.

ಹಾಳೆ ವಾಪಸ್ ಬಂತು. ಜೊತೆಗೊಂದು ಪತ್ರ. ಫೋನ್ ಮಾಡಿದೆ. ಆ ಕಡೆಯ ಹೆಂಗಸು ತಾಳ್ಮೆಯಿಂದಲೇ ಹೇಳಿದರು. ಮಗು ಬಂದ ಹೊತ್ತು, ಹೋದ ಹೊತ್ತನ್ನು ಆಯಾ ದಿನ ಆಗಲೇ ಬರೆಯಬೇಕು. ಇದ್ದದ್ದು ಇದ್ದ ಹಾಗೆ, 7:52 ಆದರೆ 7:52. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ, ಬಿಳಿ ಬಣ್ಣ ಮುಟ್ಟುವ ಹಾಗೇ ಇಲ್ಲ. ತಿಂಗಳ ಕೊನೆಯ ಸಹಿ ಮಗು ಬಂದ ಕೊನೆಯ ದಿನ ಮುಗಿದ ಮೇಲೆ. ಆ ಸಹಿಯ ಮೇಲಿನ ಸಾಲನ್ನು ಓದಿದ್ದೀರಾ ಅಂತ ಕೇಳಿದರು. ಓದಿರಲಿಲ್ಲ. ಸುಳ್ಳು ಪ್ರಮಾಣಕ್ಕೆ ಆಗುವ ಶಿಕ್ಷೆಗೆ ಒಳಪಟ್ಟು ಇದು ನಿಜ ಎಂದು ಹೇಳುತ್ತೇನೆ, ಅಂತಿತ್ತು. 27ನೇ ತಾರೀಖು ಕೂತು 29ರ ಸಂಜೆ 5:30ಕ್ಕೆ ಮಗು ಮನೆಗೆ ಹೋಯಿತು ಅಂತ ನಾನು ಪ್ರಮಾಣ ಮಾಡಿದ್ದೆ.

ನಗು ಬರಲಿಲ್ಲ. ಹೊಟ್ಟೆಯಲ್ಲಿ ತಣ್ಣಗಾಯಿತು.

ಮೋಸ ಅಂತ ಅವರೇನೂ ಅನ್ನಲಿಲ್ಲ. ಹಾಳೆ ಸರಿ ಮಾಡಿ, ನಡೆದದ್ದನ್ನು ಬರೆದು ಕೊಡಿ ಅಂದರು. ಆದರೆ ಆಗ ಇಲ್ಲಿ ದುಡ್ಡು ಬರುತ್ತಿದ್ದದ್ದೇ ತಿಂಗಳು ಮುಗಿದ ಮೇಲೆ, ಸರಿಯಾದ ಹಾಳೆ ಅವರ ಕೈ ಸೇರಿ ಎರಡು ಮೂರು ವಾರಕ್ಕೆ. ಸೆಪ್ಟೆಂಬರಿನ ಹಣ ನನ್ನ ಖಾತೆಗೆ ಬಿದ್ದಿದ್ದು ನವೆಂಬರ್ ಮಧ್ಯಕ್ಕೆ. ಅಷ್ಟರಲ್ಲಿ ಎರಡು ಬಾಡಿಗೆ ಕಟ್ಟಿ ಆಗಿತ್ತು. ನಮ್ಮನೆಯವರು ಆ ಕಾಗದವನ್ನು ಮತ್ತೆ ತೋರಿಸಲಿಲ್ಲ. ಅದಕ್ಕೆ ಅವರಿಗೊಂದು ನಮಸ್ಕಾರ.

ನನಗೆ ಆಗ ಇನ್ನೂ ಸಿಟ್ಟು ಬರಿಸಿದ್ದು ಬೇರೆ. ಮಗುವಿಗೆ ಜ್ವರ ಬಂದು ಎರಡು ದಿನ ಬರದಿದ್ದರೂ ಸರ್ಟಿಫಿಕೇಟಿನಲ್ಲಿರುವ ಗಂಟೆಗೆ ದುಡ್ಡು ಬಂದೇ ಬರುತ್ತದೆ. ಹಾಗಿದ್ದ ಮೇಲೆ 7:52 ಆದರೇನು, 8:00 ಆದರೇನು? ಕೇಳಿಯೇ ಬಿಟ್ಟೆ. "ನೀವು ಇಟ್ಟ ಹೊತ್ತನ್ನು ನಾವು ನೋಡಿಲ್ಲ. ಈ ಹಾಳೆ ಬಿಟ್ಟರೆ ನಮಗೆ ಬೇರೆ ಕಣ್ಣಿಲ್ಲ" ಅಂದರು. ಪೂರ್ತಿ ಒಪ್ಪಿಗೆಯಾಗಲಿಲ್ಲ. ಈಗಲೂ ಆಗಿಲ್ಲ. ಆದರೆ ಮಲಗಿದ ಮಗುವನ್ನು ನೋಡಿ 1:15 ಅಂತ ಬರೆಯುವವಳಿಗೆ ಬಾಗಿಲಲ್ಲಿ 7:52 ಬರೆಯುವುದೇನು ಕಷ್ಟ ಅಂತ ನನಗೇ ನಾನು ಹೇಳಿಕೊಂಡೆ. ಆ ಶನಿವಾರವೇ ಗಡಿಯಾರ, ಕ್ಲಿಪ್ ಬೋರ್ಡು ತಂದೆ. ಪೆನ್ನು ದಿನಕ್ಕೊಂದು ಕಳೆದುಹೋಗುತ್ತಿತ್ತು, ಹೂ ಕಟ್ಟುವ ದಾರ ತಂದು ಕಟ್ಟಿದೆ. ಈಗ ವೌಚರಿನವರು, ಕೈಯಿಂದ ಕೊಡುವವರು ಅಂತ ಭೇದ ಇಲ್ಲ, ಎಲ್ಲರೂ ಬರೆಯುತ್ತಾರೆ. ಹಾಗೆ ಮಾಡಿದ್ದರಿಂದ ಆ ಹುಡುಗಿಗೂ ತಾನೊಬ್ಬಳೇ ಬಾಗಿಲಲ್ಲಿ ನಿಲ್ಲಬೇಕು ಅನ್ನೋ ಮುಜುಗರ ತಪ್ಪಿತು. ಅವಳಿಗೆ ಇನ್ನೊಂದು ನಿರಾಳ ಅಂದರೆ, 2023ರ ಅಕ್ಟೋಬರಿನಿಂದ ರಾಜ್ಯದ ಮೀಡಿಯನ್ ಆದಾಯದ (ಅರ್ಧ ಕುಟುಂಬಗಳು ಅದಕ್ಕಿಂತ ಕಡಿಮೆ, ಅರ್ಧ ಜಾಸ್ತಿ ಗಳಿಸುವ ಗೆರೆ) ನೂರಕ್ಕೆ 75ಕ್ಕಿಂತ ಕೆಳಗಿರುವ ಕುಟುಂಬಗಳಿಗೆ ಅವರ ಪಾಲಿನ ಫೀಸೇ ಇಲ್ಲ.

ಮಾರನೇ ವರ್ಷ ಧೈರ್ಯ ಬಂದು ಊಟದ ಯೋಜನೆಗೂ ಸೇರಿದೆ. ಇದು ಫೆಡರಲ್ ಕೃಷಿ ಇಲಾಖೆಯದ್ದು. ದಿನಕ್ಕೆ ಒಂದು ಮಗುವಿಗೆ ಹೆಚ್ಚೆಂದರೆ ಎರಡು ಊಟ, ಒಂದು ತಿಂಡಿಗೆ ದುಡ್ಡು ಕೊಡುತ್ತಾರೆ. ಅದಕ್ಕೆ ಪ್ರತಿಯಾಗಿ ತಟ್ಟೆಯಲ್ಲಿ ಏನು, ಎಷ್ಟು ಅಂತ ಅಂದಂದೇ ಬರೆದಿಡಬೇಕು. ವರ್ಷಕ್ಕೆ ಮೂರು ಸಲ ಬಂದು ನೋಡುತ್ತಾರೆ, ಅದರಲ್ಲಿ ಎರಡು ಸಲ ಹೇಳದೇ. ಮಧ್ಯಾಹ್ನದ ಊಟ ಅಂದರೆ ಐದು ಇರಬೇಕು: ಹಾಲು, ಧಾನ್ಯ, ತರಕಾರಿ, ಹಣ್ಣು, ಮತ್ತೆ ಮಾಂಸ ಅಥವಾ ಅದರ ಬದಲಿ. ನಾನು ಸೇರಿದಾಗ ಎರಡು ವರ್ಷ ದಾಟಿದವರಿಗೆ ಕೆನೆ ತೆಗೆದ ಇಲ್ಲವೇ ಒಂದು ಪರ್ಸೆಂಟಿನ ಹಾಲೇ ಆಗಬೇಕಿತ್ತು. ಮನೆಯಲ್ಲಿ ಎಣ್ಣೆಯಲ್ಲಿ ಕರಿದು ಕೊಡುವ ಹಾಗಿಲ್ಲ, ಅಲ್ಲಿಗೆ ಪೂರಿ ಹೋಯಿತು.

ನಮ್ಮ ಅಡುಗೆಯನ್ನು ಈ ಐದು ಮನೆಗಳಲ್ಲಿ ಕೂರಿಸುವುದಿದೆಯಲ್ಲ, ಅದೇ ಒಂದು ಮಜಾ. ಬೇಳೆಯನ್ನು ಮಾಂಸದ ಬದಲಿ ಅಂತಲೂ ಲೆಕ್ಕಕ್ಕೆ ಹಿಡಿಯಬಹುದು, ತರಕಾರಿ ಅಂತಲೂ ಹಿಡಿಯಬಹುದು. ಒಂದೇ ಊಟದಲ್ಲಿ ಒಂದೇ ಬೇಳೆ ಎರಡೂ ಆಗುವ ಹಾಗಿಲ್ಲ. ಮೂರರಿಂದ ಐದು ವರ್ಷದ ಮಗುವಿಗೆ ಮಾಂಸದ ಬದಲಿಯಾಗಿ ಬೆಂದ ಬೇಳೆ ಒಂದು ಕಪ್ಪಿನ ಎಂಟರಲ್ಲಿ ಮೂರು ಪಾಲು ಬೇಕು. ನಮ್ಮ ತಿಳಿಸಾರಿನಲ್ಲಿ ಅಷ್ಟು ಬೇಳೆ ಎಲ್ಲಿಂದ ತರೋಣ? ಹಾಗಾಗಿ ಈಗ ಸಾರು ಹೋಗಿ ಗಟ್ಟಿ ಹುಳಿ, ಇಲ್ಲವೇ ತೊವ್ವೆ. ಅಳತೆಯ ಕಪ್ಪು ಅನ್ನದ ಪಾತ್ರೆಯ ಪಕ್ಕದಲ್ಲೇ ಇರುತ್ತದೆ. ಇಡ್ಲಿ ಧಾನ್ಯ. ರಾಗಿ ಇಡೀ ಧಾನ್ಯ, ಅದಕ್ಕೆ ನನಗೆ ಒಳಗೊಳಗೇ ಹೆಮ್ಮೆ. ಆ ಗೋದಾಮಿನ ಹುಡುಗಿಯ ಮಗ ರಾಗಿ ದೋಸೆಗೆ ಚಾಕೊಲೇಟ್ ಪ್ಯಾನ್‌ಕೇಕ್ ಅಂತ ಹೆಸರಿಟ್ಟಿದ್ದಾನೆ. ನಾನು ತಿದ್ದಲು ಹೋಗಿಲ್ಲ.

ಸೋತಿದ್ದು ಮೊಸರಿನ ವಿಷಯದಲ್ಲಿ. ಮೊಸರು ಮಾಂಸದ ಬದಲಿಯಾಗಿ ನಡೆಯುತ್ತದೆ, ಆದರೆ ಅಂಗಡಿಯದ್ದೇ ಆಗಬೇಕು. ಮನೆಯಲ್ಲಿ ಹೆಪ್ಪು ಹಾಕಿದ್ದು ಲೆಕ್ಕಕ್ಕಿಲ್ಲ. ಮಗುವಿಗೆ ಬಡಿಸಬಹುದು, ಹಾಳೆಯಲ್ಲಿ ಬರೆಯುವ ಹಾಗಿಲ್ಲ. ಅತ್ತೆ ಎರಡನೇ ಸಲ ಬಂದಿದ್ದಾಗ ಇದನ್ನು ಹೇಳಿದೆ. ರಾತ್ರಿ ಹೆಪ್ಪು ಹಾಕಲು ಹಾಲಿಗೆ ಬೆರಳಿಟ್ಟು ಬಿಸಿ ನೋಡುತ್ತಿದ್ದವರು ಹಾಗೇ ನಿಂತರು.

"ನಾನು ಹೆಪ್ಪು ಹಾಕಿದ್ದು ಮೊಸರಲ್ವಂತಾ?"

"ಮೊಸರೇ ಅತ್ತೆ. ಅವರ ಲೆಕ್ಕಕ್ಕೆ ಬರಲ್ಲ ಅಷ್ಟೇ."

"ಬೆರಳು ಬರಲ್ಲ, ಮೊಸರೂ ಬರಲ್ಲ" ಅಂದವರು ಪಾತ್ರೆಗೆ ತಟ್ಟೆ ಮುಚ್ಚಿ ಮಲಗಲು ಹೋದರು. ಈಗ ಫ್ರಿಡ್ಜಿನಲ್ಲಿ ಎರಡು ಮೊಸರು ಇರುತ್ತವೆ. ಡಬ್ಬಿಯದ್ದು ಮಕ್ಕಳಿಗೆ, ಪಾತ್ರೆಯದ್ದು ನಮಗೆ.

ಆ ಹುಡುಗನಿಗೆ ಈಗ ನಾಲ್ಕು ದಾಟಿದೆ. ಒಳಗೆ ಬರುತ್ತಿದ್ದ ಹಾಗೆ ಶೂ ಬಿಚ್ಚುವ ಮೊದಲೇ ಗಡಿಯಾರ ನೋಡಿ "ಟೈಮೆಷ್ಟು?" ಅಂತ ಕೂಗುತ್ತಾನೆ. ಅವನಮ್ಮ ಹೇಳುತ್ತಾ ಬರೆಯುತ್ತಾಳೆ. ಆಮೇಲೆ ಅವನ ಸರದಿ. ಅವನ ಎತ್ತರಕ್ಕೆ ಇನ್ನೊಂದು ಬೋರ್ಡು, ಇನ್ನೊಂದು ದಾರ, ಒಂದು ಕ್ರೇಯಾನ್ ಕಟ್ಟಿದ್ದೇನೆ. ಮೊದಮೊದಲು ಅಸಲಿ ಹಾಳೆಯ ಮೇಲೇ ಗೀಚುತ್ತಿದ್ದ. ಗೀಚಿದ ಹಾಳೆ ವಾಪಸ್ ಬರುತ್ತದೆ.